ಹೀಲಾ ಸೆಲ್ಸ್ ಪ್ಯಾಸೇಜ್ ಮಾಡಿದ ಮಾರನೇ ದಿನ ಅರ್ಧ ತೇಲುತ್ತವೆ, ಎಣಿಕೆಯೂ ಪ್ರತಿ ಸಲ ಬೇರೆ ಬರುತ್ತದೆ. ಎಲ್ಲಿ ತಪ್ಪುತ್ತಿದೆ?

ನಿಮ್ಮ ಕೈಯಲ್ಲಿ ಏನೂ ದೋಷ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಪ್ರಶ್ನೆಯ ಕೊನೆಯ ಸಾಲಿನಲ್ಲಿ "ನನ್ನ ಕೈಯೇ ಈ ಕೆಲಸಕ್ಕೆ ಆಗಲ್ವಾ?" ಅಂತ ಕೇಳಿದ್ದೀರಿ. ಎರಡು ತಿಂಗಳಿಂದ ಹೀಲಾ ಸೆಲ್ಸ್ (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶಗಳು) ಬೆಳೆಸುತ್ತಿದ್ದೀರಿ. ಪ್ಯಾಸೇಜ್ ಮಾಡುವಾಗ, ಅಂದ್ರೆ ತುಂಬಿದ ಫ್ಲಾಸ್ಕಿನ ಸೆಲ್ಸ್ ಎಬ್ಬಿಸಿ ಹೊಸ ಫ್ಲಾಸ್ಕಿಗೆ ಹಂಚುವಾಗ, ತಳದಿಂದ ಅವನ್ನು ಬಿಡಿಸುವ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ, ಟೈಮರ್ ಇಟ್ಟು, ಸರಿಯಾಗಿ 5 ನಿಮಿಷ ಕಾಯುತ್ತೀರಿ. ಮಾರನೇ ದಿನ ನೋಡಿದರೆ ಅರ್ಧಕ್ಕರ್ಧ ತೇಲುತ್ತಿರುತ್ತವೆ. ಒಂದೇ ಟ್ಯೂಬಿನಿಂದ ಎರಡು ಸಲ ಎಣಿಸಿದರೆ ಒಮ್ಮೆ ಮಿ.ಲೀ.ಗೆ 8 ಲಕ್ಷ, ಇನ್ನೊಮ್ಮೆ 14 ಲಕ್ಷ. ಎರಡಕ್ಕೂ ಕಾರಣ ಇದೆ, ಎರಡನ್ನೂ ಸರಿಮಾಡಬಹುದು.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ 11 ವರ್ಷದಿಂದ ಸೆಲ್ ಕಲ್ಚರ್ ನೋಡಿಕೊಳ್ಳುತ್ತಿದ್ದೇನೆ. ಹೊಸಬರು ಬಂದರೆ ಮೊದಲ ವಾರ ಪಿಪೆಟ್ ಕೊಡುವುದಿಲ್ಲ. ದಿನಾ ಬೆಳಿಗ್ಗೆ ಫ್ಲಾಸ್ಕ್ ತೆಗೆದು, ಬೆಳಕಿಗೆ ಹಿಡಿದು, ಆಮೇಲೆ ಮೈಕ್ರೋಸ್ಕೋಪಿನಲ್ಲಿಟ್ಟು ನೋಡಬೇಕು. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅಷ್ಟೇ ಕೆಲಸ. ಪ್ರೋಟೊಕಾಲ್ ಹಾಳೆಯಲ್ಲಿ ನಿಮಿಷ ಇರುತ್ತದೆ, ಮಿ.ಲೀ. ಇರುತ್ತದೆ. ಇವತ್ತು ನಿಮ್ಮ ಫ್ಲಾಸ್ಕಿನಲ್ಲಿರುವ ಸೆಲ್ಸ್ ಹೇಗಿವೆ ಅನ್ನೋದು ಆ ಹಾಳೆಗೆ ಗೊತ್ತಿರುವುದಿಲ್ಲ. ನೀವು ಟೈಮರ್ ನೋಡುತ್ತಿದ್ದೀರಿ, ಸೆಲ್ಸ್ ನೋಡುತ್ತಿಲ್ಲ. ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಮೊದಲು ಮೀಡಿಯಾದ, ಅಂದ್ರೆ ಸೆಲ್ಸ್ ಬೆಳೆಯುವ ಪೋಷಕ ದ್ರವದ ಬಣ್ಣ. ಅದರಲ್ಲಿ ಫೀನಾಲ್ ರೆಡ್ ಎಂಬ ಸೂಚಕ ಬಣ್ಣ ಇರುತ್ತದಲ್ಲ, ಪಿಎಚ್ 7.4ರ ಹತ್ತಿರ ಅದು ಕೆಂಪಗಿರುತ್ತದೆ. ಸೆಲ್ಸ್ ತುಂಬಿ ಆಮ್ಲ ಹೆಚ್ಚಾದರೆ ಕಿತ್ತಳೆ, ಆಮೇಲೆ ಹಳದಿ. ರಾತ್ರೋರಾತ್ರಿ ಹಳದಿಯಾಗಿ, ಜೊತೆಗೆ ಮಬ್ಬಾಗಿದ್ದರೆ ಬ್ಯಾಕ್ಟೀರಿಯಾ ಬಂದಿದೆ ಅಂತ ಅನುಮಾನಪಡಿ. ನೇರಳೆ ಕಡೆಗೆ ತಿರುಗಿದರೆ ಕಾರ್ಬನ್ ಡೈಆಕ್ಸೈಡ್ ಸಾಲುತ್ತಿಲ್ಲ. ಇನ್ಕ್ಯುಬೇಟರ್‌ನಲ್ಲಿ 37 ಡಿಗ್ರಿ ಬಿಸಿ ಯಾಕೆ ಅಂತ ಎಲ್ಲರಿಗೂ ಗೊತ್ತು. ಶೇಕಡಾ 5 ಕಾರ್ಬನ್ ಡೈಆಕ್ಸೈಡ್ ಇರುವುದು ಮೀಡಿಯಾದ ಬೈಕಾರ್ಬನೇಟ್ ಜೊತೆ ಸೇರಿ ಪಿಎಚ್ ಹಿಡಿದಿಡಲಿಕ್ಕೆ. ನನ್ನ ಎರಡನೇ ವರ್ಷ, ಆಯುಧಪೂಜೆ ದಿನ ಸೆಂಟ್ರಿಫ್ಯೂಜ್‌ಗೆ, ಹುಡ್‌ಗೆ (ಶುದ್ಧ ಗಾಳಿಯ ಕೆಲಸದ ಪೆಟ್ಟಿಗೆ) ಎಲ್ಲ ಹೂವಿಟ್ಟು ಊರಿಗೆ ಹೋದೆ. ಸಿಲಿಂಡರ್ ಗೇಜ್ ನೋಡಿರಲಿಲ್ಲ. ನಾಲ್ಕು ದಿನ ಬಿಟ್ಟು ಬಂದು ಬಾಗಿಲು ತೆಗೆದರೆ ಒಂಬತ್ತೂ ಫ್ಲಾಸ್ಕ್ ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣ. ಆ ಬಣ್ಣ ಇವತ್ತಿಗೂ ಕಣ್ಣಲ್ಲಿದೆ. ಅವತ್ತಿನಿಂದ ಇನ್ಕ್ಯುಬೇಟರ್ ಬಾಗಿಲಿಗಿಂತ ಮೊದಲು ಗೇಜ್ ನೋಡುತ್ತೇನೆ. ನಿಮ್ಮ ಫ್ಲಾಸ್ಕಿಗೆ ಫಿಲ್ಟರ್ ಇರುವ ಮುಚ್ಚಳ ಇಲ್ಲದಿದ್ದರೆ ಅದನ್ನು ಕಾಲು ಸುತ್ತು ಸಡಿಲ ಬಿಡಿ, ಇಲ್ಲವಾದರೆ ಗಾಳಿ ಒಳಗೆ ಹೋಗುವುದೇ ಇಲ್ಲ.

ಈಗ ಟ್ರಿಪ್ಸಿನ್. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ನಿಮ್ಮ ಸೆಲ್ಸ್ ಸಾಯುತ್ತಿರುವುದು ಬಹುಶಃ ಇಲ್ಲೇ.

ಫ್ಲಾಸ್ಕಿನ ತಳ ಶೇಕಡಾ 70ರಿಂದ 80 ತುಂಬಿದಾಗ ಸ್ಪ್ಲಿಟ್ (ಪ್ಯಾಸೇಜ್) ಮಾಡಿ. ಪೂರ್ತಿ ತುಂಬಿ ಒಂದರ ಮೇಲೊಂದು ಹತ್ತುವವರೆಗೆ ಬಿಟ್ಟರೆ ಹಾಳೆ ಹಾಳೆಯಾಗಿ ಎದ್ದು ಬರುತ್ತವೆ, ಬಿಡಿಸಲು ಆಗಲ್ಲ. ಹಳೇ ಮೀಡಿಯಾ ತೆಗೆದ ಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಎರಡು ಸಲ ತೊಳೆಯಿರಿ. ಸುಮ್ನೆ ಶಾಸ್ತ್ರಕ್ಕೆ ಅಲ್ಲ ಇದು. ಮೀಡಿಯಾಕ್ಕೆ ಬೆರೆಸುವ ಸೀರಮ್ಮಿನಲ್ಲಿ (ರಕ್ತದ ತಿಳಿಭಾಗ) ಟ್ರಿಪ್ಸಿನ್ನನ್ನು ತಡೆಯುವ ಪ್ರೋಟೀನ್‌ಗಳಿವೆ. ಹಳೇ ಮೀಡಿಯಾ ಉಳಿದಿದ್ದರೆ ನೀವು ಹಾಕಿದ ಟ್ರಿಪ್ಸಿನ್ ಅಲ್ಲೇ ಸೋಲುತ್ತದೆ. ಸೆಲ್ಸ್ ಪರಸ್ಪರ ಹಿಡಿದುಕೊಳ್ಳಲು ಕ್ಯಾಲ್ಸಿಯಂ ಬೇಕು. ಟ್ರಿಪ್ಸಿನ್ ಜೊತೆಗಿರುವ ಇಡಿಟಿಎ ಎಂಬ ರಾಸಾಯನಿಕ ಆ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ.

ಟಿ-25 ಫ್ಲಾಸ್ಕಿಗೆ (ತಳ 25 ಚದರ ಸೆಂ.ಮೀ.) 1 ಮಿ.ಲೀ. ಟ್ರಿಪ್ಸಿನ್ ಸಾಕು. ಹಾಕಿ, ಫ್ಲಾಸ್ಕನ್ನು ನಾಲ್ಕೂ ಕಡೆ ವಾಲಿಸಿ. ಒಂದು ನಿಮಿಷಕ್ಕೇ ಮೈಕ್ರೋಸ್ಕೋಪಿನಲ್ಲಿಡಿ. ಮೊದಲು ಸೆಲ್ಸಿನ ಅಂಚು ಹೊಳೆಯಲು ಶುರುವಾಗುತ್ತದೆ. ಚಪ್ಪಟೆಯಾಗಿ ಕೈಕಾಲು ಚಾಚಿ ಮಲಗಿದ್ದವು ನಿಧಾನಕ್ಕೆ ಮುದುರಿಕೊಳ್ಳುತ್ತವೆ. ಆಮೇಲೆ ನೆನೆಸಿದ ಸಬ್ಬಕ್ಕಿ ಕಾಳಿನ ಹಾಗೆ ದುಂಡಗಾಗುತ್ತವೆ. ಫ್ಲಾಸ್ಕ್ ಸ್ವಲ್ಪ ವಾಲಿಸಿದರೆ ಹತ್ತಿಪ್ಪತ್ತು ಜಾರಿಕೊಂಡು ಹೋಗುವುದು ಕಾಣುತ್ತದೆ. ಆಗ ಅಂಗೈಯಿಂದ ಪಕ್ಕಕ್ಕೆ ಮೆಲ್ಲಗೆ ಒಂದೆರಡು ಸಲ ತಟ್ಟಿ. ತಕ್ಷಣ ಸೀರಮ್ ಇರುವ ಮೀಡಿಯಾ 4 ಮಿ.ಲೀ. ಹಾಕಿ. ಅಲ್ಲಿಗೆ ಟ್ರಿಪ್ಸಿನ್ ನಿಂತಿತು. ಟ್ರಿಪ್ಸಿನ್ ಬೆಚ್ಚಗಿದ್ದರೆ ನಮ್ಮ ಲ್ಯಾಬಿನ ಹೀಲಾಗೆ ಇಷ್ಟಾಗಲು ಎರಡು ಮೂರು ನಿಮಿಷ ಸಾಕು.

ನಿಮ್ಮ 5 ನಿಮಿಷದಲ್ಲಿ ಏನು ಆಗುತ್ತಿರಬಹುದು ನೋಡಿ. ಟೈಮರ್ ಹೊಡೆಯುತ್ತದೆ. ಫ್ಲಾಸ್ಕ್ ತಂದು, ಶೇಕಡಾ 70ರ ಆಲ್ಕೋಹಾಲ್‌ನಲ್ಲಿ ಒರೆಸಿ, ಹುಡ್ ಒಳಗಿಟ್ಟು, ಪಿಪೆಟ್ ಬಿಚ್ಚಿ, ಮೀಡಿಯಾ ಬಾಟಲಿ ತೆಗೆಯುವಷ್ಟರಲ್ಲಿ ಎಂಟೋ ಹತ್ತೋ ನಿಮಿಷ ಆಗಿರುತ್ತದೆ. ಅಷ್ಟೂ ಹೊತ್ತು ಟ್ರಿಪ್ಸಿನ್ ಸೆಲ್ಸಿನ ಮೇಲ್ಮೈ ಪ್ರೋಟೀನ್‌ಗಳನ್ನು ಕತ್ತರಿಸುತ್ತಲೇ ಇರುತ್ತದೆ. ಅಂಟಿಕೊಳ್ಳಲು ಬೇಕಾದ ಪ್ರೋಟೀನ್‌ಗಳೂ ಅದರಲ್ಲೇ ಹೋಗುತ್ತವೆ. ಉಲ್ಟಾನೂ ಆಗಬಹುದು. ಟ್ರಿಪ್ಸಿನ್ ಬಿಸಿಯಲ್ಲಿ ತನ್ನನ್ನೇ ತಾನು ಕಡಿದುಕೊಳ್ಳುತ್ತದೆ, ಹೊರಗೆ ಇಟ್ಟಷ್ಟೂ ಸೊರಗುತ್ತದೆ. ಹಳೇ ಟ್ಯೂಬಿನದಕ್ಕೆ 5 ನಿಮಿಷ ಸಾಲದೆ, ನೀವು ಪಿಪೆಟ್‌ನಿಂದ ಜೋರಾಗಿ ಎಬ್ಬಿಸಿ ಹರಿದುಹಾಕುತ್ತಿರಬಹುದು. ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಫ್ರೀಜರ್‌ನಲ್ಲಿಡಿ. ಒಂದು ಟ್ಯೂಬ್ ಬಿಚ್ಚಿದರೆ ಉಳಿದದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಮೀಡಿಯಾ ಬಾಟಲಿಯ ಮುಚ್ಚಳ ಸಡಿಲಿಸಿ, ಪಿಪೆಟ್ ಸಿದ್ಧ ಮಾಡಿಕೊಂಡ ಮೇಲೇನೇ ಟ್ರಿಪ್ಸಿನ್ ಹಾಕಿ.

ಇನ್ನೊಂದು ಮಾತು. ದುಂಡಗೆ ಕಾಣುವುದೆಲ್ಲ ಸತ್ತಿಲ್ಲ. ಹೀಲಾ ಒಡೆದು ಎರಡಾಗುವ ಹೊತ್ತಿಗೆ ತಾನೇ ದುಂಡಗಾಗಿ, ತಳ ಬಿಟ್ಟ ಹಾಗೆ ಕಾಣುತ್ತದೆ. ತೇಲುತ್ತಿರುವುದನ್ನು ಸ್ವಲ್ಪ ತೆಗೆದು, ಸತ್ತ ಸೆಲ್ಸಿಗೆ ಮಾತ್ರ ಹತ್ತುವ ಟ್ರೈಪಾನ್ ಬ್ಲೂ ಬಣ್ಣ ಹಾಕಿ ನೋಡಿ. ಆಮೇಲೆ ಬೇಜಾರು ಮಾಡಿಕೊಳ್ಳುವುದೋ ಬೇಡವೋ ತೀರ್ಮಾನ ಮಾಡಿ.

ಸೆಂಟ್ರಿಫ್ಯೂಜ್ 200 ಜಿ (ಗುರುತ್ವದ 200 ಪಟ್ಟು ಬಲ), 5 ನಿಮಿಷ. ಆರ್‌ಪಿಎಂ ಬರೆದಿಡಬೇಡಿ, ರೋಟರ್ ಬದಲಾದರೆ ಆ ಅಂಕಿಗೆ ಅರ್ಥವಿಲ್ಲ. ಮೇಲಿನದನ್ನು ತೆಗೆದು, ಟ್ಯೂಬಿನ ತುದಿಗೆ ಬೆರಳಿಂದ ಮೆಲ್ಲಗೆ ಚಿಮ್ಮಿ ತಳದಲ್ಲಿ ಕೂತ ಸೆಲ್ಸಿನ ಮುದ್ದೆ (ಪೆಲೆಟ್) ಸಡಿಲ ಮಾಡಿ. ಆಮೇಲೆ 3 ಮಿ.ಲೀ. ಮೀಡಿಯಾ ಹಾಕಿ, ಗುಳ್ಳೆ ಏಳದ ಹಾಗೆ ಎಂಟು ಹತ್ತು ಸಲ ಮೇಲೆ ಕೆಳಗೆ ಮಾಡಿ.

ಎಣಿಕೆಗೆ ಬರೋಣ. ಹೀಮೋಸೈಟೋಮೀಟರ್ ಅಂದ್ರೆ ಸೆಲ್ಸ್ ಎಣಿಸುವ ಚೌಕಗೆರೆಯ ಗಾಜು. ಅದರ ಮೂಲೆಯ ಒಂದು ದೊಡ್ಡ ಚೌಕ 1 ಮಿ.ಮೀ. ಉದ್ದ, 1 ಮಿ.ಮೀ. ಅಗಲ. ಕವರ್‌ಸ್ಲಿಪ್ ಕೆಳಗಿನ ಆಳ 0.1 ಮಿ.ಮೀ. ಅಂದ್ರೆ ಆ ಚೌಕದಲ್ಲಿ ಹಿಡಿಯುವುದು ಒಂದು ಮಿ.ಲೀ.ಯ ಹತ್ತು ಸಾವಿರದಲ್ಲಿ ಒಂದು ಪಾಲು. ಅದಕ್ಕೇ ಕೊನೆಗೆ 10,000ದಿಂದ ಗುಣಿಸುವುದು. ಸೆಲ್ಸ್ ಮತ್ತು ಟ್ರೈಪಾನ್ ಬ್ಲೂ ಸಮಸಮ ಬೆರೆಸಿದ್ದರೆ ಇನ್ನೊಂದು 2ರಿಂದ ಗುಣಿಸಬೇಕು. ಬದುಕಿರುವ ಸೆಲ್ ಬಣ್ಣವನ್ನು ಒಳಗೆ ಬಿಡುವುದಿಲ್ಲ, ಸತ್ತದ್ದು ನೀಲಿಯಾಗುತ್ತದೆ. ಆ ಬಣ್ಣವೇ ಸೆಲ್ಸಿಗೆ ವಿಷ, ಹಾಗಾಗಿ ಬೆರೆಸಿದ ಮೂರು ನಾಲ್ಕು ನಿಮಿಷದೊಳಗೆ ಎಣಿಸಿ ಮುಗಿಸಿ. ಗೆರೆ ಮೇಲೆ ಕೂತವುಗಳಿಗೆ ಒಂದು ನಿಯಮ ಇಟ್ಟುಕೊಳ್ಳಿ. ನಾನು ಮೇಲಿನ ಗೆರೆ, ಎಡಗಡೆ ಗೆರೆ ಲೆಕ್ಕಕ್ಕೆ ತೆಗೆದುಕೊಂಡು ಇನ್ನೆರಡನ್ನು ಬಿಡುತ್ತೇನೆ.

ಈಗ ನಿಮ್ಮದೇ ಅಂಕಿ ನೋಡೋಣ. ನೀವು ಬಣ್ಣ ಸಮಸಮ ಬೆರೆಸಿದ್ದೀರಿ ಅಂದುಕೊಂಡರೆ, 8 ಲಕ್ಷ ಅಂದರೆ ಚೌಕಕ್ಕೆ ಸರಾಸರಿ 40, ನಾಲ್ಕು ಚೌಕಕ್ಕೆ 160. 14 ಲಕ್ಷ ಅಂದರೆ ನಾಲ್ಕು ಚೌಕಕ್ಕೆ 280. ಎಷ್ಟೇ ಚೆನ್ನಾಗಿ ಮಾಡಿದರೂ ಎಣಿಕೆಯಲ್ಲಿ ಸಹಜವಾಗಿ ಏರುಪೇರು ಇರುತ್ತದೆ, ಅದು ಹೆಚ್ಚುಕಡಿಮೆ ಎಣಿಸಿದ ಸಂಖ್ಯೆಯ ವರ್ಗಮೂಲದಷ್ಟು. 160ಕ್ಕೆ ಸುಮಾರು 13, 280ಕ್ಕೆ ಸುಮಾರು 17. ನಿಮ್ಮ ಎರಡು ಎಣಿಕೆಯ ನಡುವೆ ಇರುವುದು 120. ಇದು ಆಕಸ್ಮಿಕ ಅಲ್ಲ, ನೀವು ತಪ್ಪಾಗಿ ಎಣಿಸಿದ್ದೂ ಅಲ್ಲ. ಎರಡು ಸಲವೂ ಸರಿಯಾಗೇ ಎಣಿಸಿದ್ದೀರಿ, ತೆಗೆದುಕೊಂಡ ಹನಿಗಳೇ ಬೇರೆ ಬೇರೆ. ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟ ಕ್ಷಣದಿಂದ ಸೆಲ್ಸ್ ತಳಕ್ಕೆ ಇಳಿಯುತ್ತಿರುತ್ತವೆ. ಸೌಟು ಆಡಿಸದೆ ಸಾರು ಬಡಿಸಿದ ಹಾಗೆ ಇದು, ಮೇಲಿಂದ ತೆಗೆದರೆ ತಿಳಿ, ತಳದಿಂದ ತೆಗೆದರೆ ಬೇಳೆ. ಹನಿ ತೆಗೆಯುವ ಮುಂಚೆ ಪ್ರತಿ ಸಲ ಟ್ಯೂಬನ್ನು ನಾಲ್ಕೈದು ಸಲ ಮೆಲ್ಲಗೆ ತಲೆಕೆಳಗು ಮಾಡಿ. ಬಣ್ಣ ಬೆರೆಸಿದ ಸಣ್ಣ ಟ್ಯೂಬಿಗೂ ಇದೇ ಮಾತು. ಗುಂಪು ಗುಂಪಾಗಿ ಕಂಡರೆ ಎಣಿಸಲು ಹೋಗಬೇಡಿ, ವಾಪಸ್ ಹೋಗಿ ಬಿಡಿಸಿ. ಕವರ್‌ಸ್ಲಿಪ್ ಅಂಚಿಗೆ 10 ಮೈಕ್ರೋಲೀಟರ್ ಮುಟ್ಟಿಸಿದರೆ ತಾನಾಗೇ ಒಳಗೆ ಎಳೆದುಕೊಳ್ಳುತ್ತದೆ. ಉಕ್ಕಿ ಹರಿದರೆ ಸ್ಲಿಪ್ ಮೇಲೇಳುತ್ತದೆ, ಆಳ ಬದಲಾಗುತ್ತದೆ, ಲೆಕ್ಕ ಕೆಡುತ್ತದೆ.

ಮೊನ್ನೆ ನನ್ನ ಎಣಿಕೆ 52, 47, 55, 50. ಒಟ್ಟು 204, ಸರಾಸರಿ 51. 51ನ್ನು 2ರಿಂದ, ಆಮೇಲೆ 10,000ದಿಂದ ಗುಣಿಸಿದರೆ ಮಿ.ಲೀ.ಗೆ 10,20,000. ನೀಲಿ ಇದ್ದದ್ದು 9, ಅಂದರೆ ಶೇಕಡಾ 96ರ ಹತ್ತಿರ ಬದುಕಿವೆ. ಹೊಸ ಟಿ-25ಕ್ಕೆ 3 ಲಕ್ಷ ಬೇಕಿತ್ತು, 0.3 ಮಿ.ಲೀ. ಹಾಕಿದೆ. ಹೀಲಾ ಸುಮಾರು ದಿನಕ್ಕೊಮ್ಮೆ ಎರಡರಷ್ಟಾಗುತ್ತದೆ, ಮೂರು ದಿನಕ್ಕೆ ಮತ್ತೆ ಸ್ಪ್ಲಿಟ್‌ಗೆ ಬರುತ್ತದೆ.

ಕೈ ಬಗ್ಗೆ ಕೇಳಿದಿರಿ ಅಂತ ಒಂದು ಹೆಸರು ಹೇಳುತ್ತೇನೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಗರ್ಭಕಂಠದ ಕ್ಯಾನ್ಸರ್ ಎಂದು ಬಂದ ಹೆನ್ರಿಯೆಟಾ ಲ್ಯಾಕ್ಸ್ ಅವರ ದೇಹದಿಂದ ಒಂದು ಚೂರು ತೆಗೆದರು. ಅವರನ್ನು ಕೇಳಲಿಲ್ಲ. ಅದು ಅಲ್ಲಿನ ವಿಜ್ಞಾನಿ ಜಾರ್ಜ್ ಗೈ ಅವರ ಲ್ಯಾಬಿಗೆ ಬಂತು. ಕೈಯಾರೆ ಅದನ್ನು ಕತ್ತರಿಸಿ ಟ್ಯೂಬುಗಳಿಗೆ ಹಾಕಿದವರು ಮೇರಿ ಕುಬಿಚೆಕ್ ಎಂಬ ಸಹಾಯಕಿ. ಅದಕ್ಕೂ ಮುಂಚೆ ಆ ಲ್ಯಾಬಿನಲ್ಲಿ ಹಾಕಿದ ಮಾದರಿಗಳು ಹೆಚ್ಚಾಗಿ ಸತ್ತೇ ಹೋಗುತ್ತಿದ್ದವು. ಇವು ಸಾಯಲಿಲ್ಲ. ಹೆನ್ರಿಯೆಟಾ ಅದೇ ಅಕ್ಟೋಬರ್‌ನಲ್ಲಿ 31ನೇ ವಯಸ್ಸಿಗೆ ತೀರಿಕೊಂಡರು. ಅವರ ಹೆಸರು, ಅಡ್ಡಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರ ಸೇರಿಸಿದ್ದೇ ಹೀಲಾ. ಹೊಸಬರಿಗೆ ಮೊದಲ ದಿನವೇ ಇದನ್ನು ಹೇಳುತ್ತೇನೆ. ನಿಮ್ಮ ಫ್ಲಾಸ್ಕಿನಲ್ಲಿರುವುದು ಒಬ್ಬ ತಾಯಿಯದು.

ಇಷ್ಟೆಲ್ಲ ಮಾಡಿಯೂ ಸೆಲ್ಸ್ ಸೊರಗುತ್ತಿದ್ದರೆ ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾದ ಟೆಸ್ಟ್ ಮಾಡಿಸಿ. ಅದಕ್ಕೆ ಕೋಶಭಿತ್ತಿ ಇಲ್ಲ, ಪೆನಿಸಿಲಿನ್ ನಾಟುವುದಿಲ್ಲ. ನೀವು ದಿನಾ ನೋಡುವ ಮೈಕ್ರೋಸ್ಕೋಪಿಗೂ ಕಾಣುವುದಿಲ್ಲ, ಮೀಡಿಯಾ ಮಬ್ಬಾಗುವುದೂ ಇಲ್ಲ. ಪಿಸಿಆರ್‌ನಲ್ಲಿ ಗೊತ್ತಾಗುತ್ತದೆ. ಸೆಲ್ಸ್ ಪಕ್ಕದ ಲ್ಯಾಬಿನಿಂದ ತಂದಿದ್ದರೆ ಮೊದಲು ಇದನ್ನೇ ಮಾಡಿಸಿ. ಆಗುವುದಾದರೆ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಸಂಗ್ರಹದಿಂದ ಹೊಸದು ತರಿಸಿ. ಬಂದ ಕೂಡಲೇ ಬೆಳೆಸಿ, ಶೇಕಡಾ 10 ಡಿಎಂಎಸ್‌ಒ (ಫ್ರೀಜ್ ಮಾಡುವಾಗ ಸೆಲ್ಸ್ ಕಾಪಾಡುವ ದ್ರವ) ಇರುವ ಮೀಡಿಯಾದಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ ತಣ್ಣಗೆ ಮಾಡಿ, ನಾಲ್ಕೈದು ವಯಲ್ ದ್ರವ ಸಾರಜನಕದಲ್ಲಿ ಇಟ್ಟುಬಿಡಿ.

ಮುಂದಿನ ಪ್ಯಾಸೇಜ್‌ನಲ್ಲಿ ಟೈಮರ್ ಇಡದೆ ಮೈಕ್ರೋಸ್ಕೋಪ್ ಪಕ್ಕದಲ್ಲೇ ನಿಂತು ಟ್ರಿಪ್ಸಿನ್ ಮಾಡಿ. ಎಷ್ಟು ನಿಮಿಷಕ್ಕೆ ದುಂಡಗಾದವು, ಟ್ಯೂಬ್ ಆಡಿಸಿ ತೆಗೆದ ಎರಡು ಹನಿಗಳ ಎಣಿಕೆ ಎಷ್ಟೆಷ್ಟು ಬಂತು, ಇಲ್ಲೇ ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ.