ಪ್ರಸಾದವನ್ನೂ ಕೊಡಿ, ಟಿಪ್ಸನ್ನೂ ಕೊಡಿ

ಅಕ್ಕಾ, ಎಲ್ಲಮ್ಮನ ಗುಡ್ಡದಿಂದ ಇಳಿದು ಸವದತ್ತಿಯ ಖಾನಾವಳಿಯಲ್ಲಿ 20 ಜನ ಊಟ ಮಾಡಿದಿರಿ. ಟಿಪ್ಸ್ ಬದಲು ಪ್ರಸಾದ ಕೊಟ್ಟಾಗ ಬಡಿಸಿದ ಹುಡುಗನ ಮುಖ ಸಪ್ಪಗಾಯಿತು, ತಪ್ಪಾಯ್ತಾ ಎಂದು ಕೇಳಿದ್ದೀರಿ. ಪ್ರಸಾದ ಕೊಟ್ಟಿದ್ದು ಖಂಡಿತ ತಪ್ಪಲ್ಲ. ಆದರೆ ಅದರಿಂದ ಅವನ ಮನೆ ಖರ್ಚು ನಡೆಯಲ್ಲ, ಅಲ್ವಾ? ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಯ ಗದ್ದಲ ನೋಡಿದ್ದೀರಿ. ಬಡಿಸುವ ಹುಡುಗರ ಒಂದು ಕೈಯಲ್ಲಿ ಬಿಸಿ ರೊಟ್ಟಿ ಬುಟ್ಟಿ, ಇನ್ನೊಂದರಲ್ಲಿ ಝುಣಕದ ಪಾತ್ರೆ. ಒಬ್ಬರಿಗೆ ಉಳ್ಳಾಗಡ್ಡಿ ಬೇಡ, ಇನ್ನೊಬ್ಬರಿಗೆ ಬೆಳ್ಳುಳ್ಳಿ ಬೇಡ. ಎಲ್ಲ ನೆನಪಿಟ್ಟು ಬಡಿಸುತ್ತಾರೆ. ಹುಂಡಿಗೆ ಹಾಕಿದ್ದೇವೆ, ಅಷ್ಟೇ ಸಾಕು ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಟಿಪ್ಸ್ ಕಡ್ಡಾಯವೇನಲ್ಲ. ಕೇಳದೆ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಯಾರಾದರೂ ಸೇರಿಸಿದ್ದರೆ ತೆಗೆಸಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಮುಂದಿನ ಸಲ ತಲೆಗೆ 10 ರೂಪಾಯಿ ಹಾಕಿ, 200 ಆಗುತ್ತೆ. ಗಲ್ಲಾದಲ್ಲಿ ಬಿಡಬೇಡಿ, ಹುಡುಗನ ಕೈಗೇ ಕೊಡಿ. ಒಳಗೆ ಒಲೆ ಮುಂದೆ ರೊಟ್ಟಿ ಬಡಿಯುವ ಅಕ್ಕನನ್ನು ಮರೆಯಬೇಡಿ, ಅವರಿಗೂ ಒಂದು ಪಾಲು.