ಫುಟ್‌ಬಾಲ್ ಕೋಚ್‌ಗಳ ಪುಸ್ತಕ: ಫೋಟೊ, ಫಾರಂ, ಐಎಸ್‌ಬಿಎನ್

ಪ್ರಶ್ನೆ: ಪ್ರಸಿದ್ಧ ಫುಟ್‌ಬಾಲ್ ಕೋಚ್‌ಗಳ ಬಗ್ಗೆ ಕನ್ನಡದಲ್ಲಿ ಬರೆದಿದ್ದೇನೆ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಬೇಕು. ಅಂತರ್ಜಾಲದ ಫೋಟೊ ಬಳಸಬಹುದೇ?
– ಓದುಗರು, ಮಂಜೇಶ್ವರ

ಉತ್ತರ: ಅನುಮತಿಯಿಲ್ಲದೆ ಬೇಡ. ಹಕ್ಕು ಫೋಟೊ ತೆಗೆದವರದು ಅಥವಾ ಫೋಟೊ ಏಜೆನ್ಸಿಯದು. ಕೆಳಗೆ ‘ಕೃಪೆ’ ಎಂದು ಹಾಕಿದರೆ ಸಾಲದು. ಫಲಿತಾಂಶ, ವರ್ಷಗಳಿಗೆ ಆ ಕಟ್ಟಿಲ್ಲ: ಕೋಚ್ ಅಲೆಕ್ಸ್ ಫರ್ಗುಸನ್ 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 13 ಲೀಗ್ ಪ್ರಶಸ್ತಿ ಗೆಲ್ಲಿಸಿದ್ದನ್ನು ಧಾರಾಳವಾಗಿ ಬರೆಯಿರಿ. 1951, 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ತಂದ ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರಿಗೂ ಒಂದು ಅಧ್ಯಾಯ ಇರಲೇಬೇಕು.

ಡೆಮಿ 1/8 ಆಕಾರದಲ್ಲಿ (ಪುಸ್ತಕದ ಒಂದು ಸಾಮಾನ್ಯ ಅಳತೆ) 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಹಾಳೆ; ಆದ್ದರಿಂದ ಪುಟಗಳು 16ರ ಲೆಕ್ಕಕ್ಕೆ ಕೂಡಿಬರಲಿ. 160 ಸರಿ, 163 ಆದರೆ ಕೊನೆಯ ಫಾರಂನಲ್ಲಿ 13 ಪುಟ ಖಾಲಿ. ಬೆನ್ನಿನ ದಪ್ಪ ಪುಟಸಂಖ್ಯೆ, ಕಾಗದ ಎರಡರ ಮೇಲೂ ನಿಂತಿರುವುದರಿಂದ ರಕ್ಷಾಪುಟ ಕೊನೆಗೆ ಮಾಡಿಸಿ. ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು, ಕರಡನ್ನು ಕಾಗದದಲ್ಲೇ ತಿದ್ದಿ. ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಉಚಿತ, ಅರ್ಜಿ ಆನ್‌ಲೈನ್‌ನಲ್ಲಿ.