ಚಾಂಪಿಯನ್ ಲೋಡ್ ಮತ್ತು ಲಾರಿ ಲೋಡ್

ಕಾರವಾರದ ಓದುಗರೊಬ್ಬರ ಪತ್ರ: ‘ಶಾಲೆ ಮಕ್ಕಳಿಗಾಗಿ ಕೋಲಾರದ ಚಿನ್ನದ ಗಣಿ ಬಗ್ಗೆ ಬರೆಯುತ್ತಿದ್ದೇನೆ. ಮತ್ತೆ ಮತ್ತೆ ಚಾಂಪಿಯನ್ ಲೋಡ್ ಎಂಬ ಮಾತು ಬರುತ್ತದೆ. ನಮಗೆ ಲೋಡ್ ಅಂದರೆ ಅರಬೈಲ ಘಟ್ಟ ಇಳಿದು ಬರುವ ಲಾರಿಯದ್ದು. ಇದೂ ಅದೇನಾ? ಕನ್ನಡದಲ್ಲಿ ಏನಂತ ಬರೆಯಲಿ?’

ಮಾಸ್ತರರೇ, ನಮಸ್ಕಾರ. ಒಳ್ಳೇ ಪ್ರಶ್ನೆ ಕೇಳಿದ್ದೀರಿ. ಇಂದಿನ ಇಂಗ್ಲಿಷಿನಲ್ಲಿ ಇವೆರಡರ ಸ್ಪೆಲಿಂಗ್ ಬೇರೆ (ಲಾರಿಯದ್ದು load, ಗಣಿಯದ್ದು lode), ಅರ್ಥವೂ ಬೇರೆ. ಆದರೆ ಬೇರು ಒಂದೇ. ಹಳೆಯ ಇಂಗ್ಲಿಷಿನಲ್ಲಿ ‘ಲಾಡ್’ ಅಂದರೆ ದಾರಿ, ಪಯಣ. ಹೊತ್ತು ಸಾಗಿಸುವುದಕ್ಕೂ ಅದೇ ಮಾತು. ಅಲ್ಲಿಂದ ಬಂದದ್ದು ಲಾರಿಯ ಲೋಡ್. ದಾರಿ ಎಂಬ ಅರ್ಥದ ಜಾಡು ಉಳಿದದ್ದು ಗಣಿಯವರ ಬಾಯಲ್ಲಿ.

ಅದಿರು ಬಂಡೆಯೊಳಗೆ ಎಲ್ಲೆಂದರಲ್ಲಿ ಸಿಗುವುದಿಲ್ಲ. ಭೂಮಿಯ ಆಳದ ಬಿಸಿನೀರು ಬಿರುಕುಗಳಿಗೆ ನುಗ್ಗುತ್ತದೆ. ಅದರಲ್ಲಿ ಕರಗಿದ್ದ ಸಿಲಿಕಾ (ಬೆಣಚುಕಲ್ಲು ಆಗುವ ವಸ್ತು), ಲೋಹ ಅಲ್ಲೇ ಗಟ್ಟಿಯಾಗಿ ಕೂರುತ್ತವೆ. ನಮ್ಮ ಕಡಲತೀರದ ಕಪ್ಪು ಬಂಡೆಗಳಲ್ಲಿ ಬೆಣಚುಕಲ್ಲಿನ ಬಿಳಿ ಗೆರೆ ಓಡುವುದನ್ನು ನೀವೂ ನೋಡಿರುತ್ತೀರಿ. ಒಂದು ಕಡೆ ಬೆರಳಗಲ, ಸ್ವಲ್ಪ ಮುಂದೆ ದಾರದಷ್ಟು ಸಣ್ಣ, ಆಮೇಲೆ ಮಾಯ. ಅದರಲ್ಲಿ ಚಿನ್ನ ಇರುತ್ತದೆ ಅಂತಲ್ಲ. ಆದರೆ ಗಣಿಯವರು ಬೆನ್ನು ಹತ್ತುವುದು ಇಂಥ ಗೆರೆಯನ್ನೇ. ಅದಿರು ಇರುವ ಗೆರೆಯೇ ಅವರ ಲೋಡ್. ಅದು ತಿರುಗಿದ ಕಡೆ ಸುರಂಗವೂ ತಿರುಗಬೇಕು. ಅದಕ್ಕೇ ದಾರಿಯ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ, ಅಲ್ವಾ?

ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರ, ತಾಮ್ರದ ಗಣಿಗಳಲ್ಲಿ ಈ ಮಾತು ಬಹಳ ಬಳಕೆಯಲ್ಲಿತ್ತು. ಅಲ್ಲಿನ ಕೆಲಸಗಾರರು ಕೋಲಾರಕ್ಕೂ ಬಂದರು. ಅಲ್ಲಿ ಚಿನ್ನದ ಬೆನ್ನು ಹತ್ತಿ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿಯಿತು. 2001ರಲ್ಲಿ ಮುಚ್ಚಿತು.

ಕಡಲಿನವರಿಗೂ ಈ ಮಾತು ಬೇಕಾಯಿತು. ಧ್ರುವ ನಕ್ಷತ್ರ ‘ಲೋಡ್‌ಸ್ಟಾರ್’ ಆಯಿತು, ಸೂಜಿಗಲ್ಲು ‘ಲೋಡ್‌ಸ್ಟೋನ್’ ಆಯಿತು. ಎರಡೂ ಹಡಗಿಗೆ ದಾರಿ ತೋರುವಂಥವು. ಕಾರವಾರದ ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಇನ್ನು ಕನ್ನಡದ ಮಾತಿಗೆ ಬರೋಣ. ‘ಖನಿಜ ಸಿರೆ’ ತಪ್ಪಲ್ಲ. ಆದರೆ ಮಕ್ಕಳಿಗೆ ತಟ್ಟನೆ ನೆನಪಾಗುವುದು ರಕ್ತನಾಳ. ನನಗೆ ‘ಅದಿರಿನ ಎಳೆ’ ಹೆಚ್ಚು ಇಷ್ಟ. ಎಳೆ ಹಿಡಿದು ಹೋಗುವುದು ಅಂತ ನಾವು ಹೇಗೂ ಅನ್ನುತ್ತೇವಲ್ಲ, ಗಣಿಯವರು ಮಾಡುವುದೂ ಅದನ್ನೇ. ಚಾಂಪಿಯನ್ ಲೋಡ್ ಎಂಬುದು ಕೋಲಾರದ ಒಂದು ಎಳೆಯ ಹೆಸರು, ಅದನ್ನು ಹಾಗೇ ಬಿಡಿ. ‘ಮದರ್ ಲೋಡ್’ ಎಂದು ಬಂದರೆ ‘ತಾಯೆಳೆ’ ಎಂದು ಬರೆದು ನೋಡಿ. ಸಣ್ಣ ಎಳೆಗಳ ನಡುವಿನ ದೊಡ್ಡ ಎಳೆ ಅದು. ‘ಹೊರೆ’ ಎಂದು ಮಾತ್ರ ಬೇಡ. ಬರಹ ಮುಗಿದ ಮೇಲೆ ನಮಗೂ ಒಂದು ಪ್ರತಿ ಕಳಿಸಿ.

– ಸಂಪಾದಕ